ನಾಲ್ಕು ಥ್ರಾಟಲ್, ಒಂದು ಅಗ್ಗದ ಇಸಿಯು

ಕಾರ್ಬುರೇಟರ್ ಕಿತ್ತು ಸಿಲಿಂಡರಿಗೊಂದರಂತೆ ನಾಲ್ಕು ಥ್ರಾಟಲ್ ಬಾಡಿ ಕೂರಿಸಿದ ನನ್ನ 1.6 ಲೀಟರ್ ಎಂಜಿನ್ ಸ್ಪೀಡುಯಿನೊ ಎಂಬ ಅಗ್ಗದ ಇಸಿಯು (ಇಂಧನ, ಕಿಡಿ ನಿಯಂತ್ರಿಸುವ ಕಂಪ್ಯೂಟರ್) ನಂಬಿ ಓಡುವುದಿಲ್ಲ ಎಂದವರೇ ಹೆಚ್ಚು. ಒಳಗಿರುವುದು 8 ಬಿಟ್‌ನ ಆರ್ಡುಯಿನೊ ಮೆಗಾ ಎಂಬ ಹವ್ಯಾಸಿಗಳ ಬೋರ್ಡ್, ಮಕ್ಕಳಾಟಿಕೆ ಎಂದು ನಕ್ಕರು. ಈಗ ಅದೇ ಎಂಜಿನ್ 7,000 ಆರ್‌ಪಿಎಂವರೆಗೆ ಒಮ್ಮೆಯೂ ಸಿಂಕ್ (ಕ್ರ್ಯಾಂಕ್ ಎಲ್ಲಿದೆ ಎಂಬ ಇಸಿಯು ಲೆಕ್ಕ) ತಪ್ಪದೆ ಏರುತ್ತದೆ. ನಕ್ಕವರಲ್ಲಿ ಇಬ್ಬರು ನನ್ನ ವೈರಿಂಗ್ ನಕ್ಷೆ ಕೇಳಿ ಪಡೆದಿದ್ದಾರೆ.

ಮೊದಲು ನಾನೂ ದುಬಾರಿ ದಾರಿಯನ್ನೇ ಹಿಡಿದಿದ್ದೆ. ಹೆಸರುವಾಸಿ ಇಸಿಯು ಪೆಟ್ಟಿಗೆಯೊಂದನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡೆ. ಎಂಜಿನ್‌ಗೆ ಸುರಿದದ್ದಕ್ಕಿಂತ ಅದಕ್ಕೆ ಸುರಿದದ್ದೇ ಹೆಚ್ಚು. ಲ್ಯಾಪ್‌ಟಾಪ್ ಜೋಡಿಸಿದರೆ ಪಾಸ್‌ವರ್ಡ್ ಕೇಳಿತು. ಹಿಂದೆ ಟ್ಯೂನ್ ಮಾಡಿದವನು ಅದರೊಳಗಿನ ಮ್ಯಾಪ್‌ಗೆ, ಅಂದರೆ ಇಂಧನ-ಕಿಡಿ ಲೆಕ್ಕದ ಕೋಷ್ಟಕಕ್ಕೆ, ಬೀಗ ಹಾಕಿದ್ದ. ಮಾರಿದವನಿಗೆ ಅದು ಗೊತ್ತಿರಲಿಲ್ಲವಂತೆ! ಬೀಗ ತೆಗೆಸಲು ಆಗುವ ಖರ್ಚಿನಲ್ಲಿ ಎರಡು ಸ್ಪೀಡುಯಿನೊ ಬರುತ್ತಿದ್ದವು. ವಿಷಯ ಮುಚ್ಚಿಡದೆ ಅರ್ಧ ಬೆಲೆಗೆ ದಾಟಿಸಿದೆ.

ಆಮೇಲೆ ಕ್ಯಾಟಲಾಗ್‌ಗಳನ್ನು ಬದಿಗಿಟ್ಟು ಬಾನೆಟ್ ಎತ್ತಿ ತಂತಿ ಎಣಿಸಿದೆ. ಇಂಜೆಕ್ಟರ್ ನಾಲ್ಕು, ವೇಸ್ಟೆಡ್ ಸ್ಪಾರ್ಕ್ (ಎರಡು ಸಿಲಿಂಡರಿಗೆ ಒಟ್ಟಿಗೆ ಕಿಡಿ) ಆದ್ದರಿಂದ ಇಗ್ನಿಷನ್ ಔಟ್‌ಪುಟ್ ಎರಡು, ಪಂಪ್, ಫ್ಯಾನ್, ಟ್ಯಾಕೊ. ಎಲೆಕ್ಟ್ರಾನಿಕ್ ಥ್ರಾಟಲ್ ಇಲ್ಲ, ಟರ್ಬೊ ಇಲ್ಲ. ಇಂಜೆಕ್ಟರ್‌ಗಳು 14 ಓಮ್ ಆಸುಪಾಸಿನವು. ಎರಡು-ಮೂರು ಓಮ್‌ನವಾಗಿದ್ದರೆ ಹೆಚ್ಚು ಕರೆಂಟ್ ಎಳೆಯುವುದರಿಂದ ಬೇರೆಯೇ ಲೆಕ್ಕ ಹಾಕಬೇಕಿತ್ತು. ಬಳಸದ ಸೌಲಭ್ಯಗಳಿಗೆ ಹಣ ಕೊಡುವುದೇಕೆ?

ಅಳುವಂತಾದದ್ದು 36-1 ಟ್ರಿಗರ್ ವೀಲ್‌ನಲ್ಲಿ (36 ಹಲ್ಲಿನ ಜಾಗದಲ್ಲಿ ಒಂದು ಖಾಲಿ ಬಿಟ್ಟ, ಕ್ರ್ಯಾಂಕ್ ಜೊತೆ ತಿರುಗುವ ಚಕ್ರ). 4,000 ದಾಟಿದೊಡನೆ ಸಿಂಕ್ ಮಾಯ, ಎಂಜಿನ್ ಗುಂಡು ಹೊಡೆದಂತೆ ಸಿಡಿಯುತ್ತಿತ್ತು. ಐದಾರು ವಾರಾಂತ್ಯಗಳು ಅಲ್ಲಿಗೇ ಹೋದವು. ಬೋರ್ಡನ್ನೇ ಅನುಮಾನಿಸಿ ಇನ್ನೊಂದು ತರಿಸಿದೆ, ಅದೂ ಹಾಗೆಯೇ. ಟ್ಯೂನಿಂಗ್ ತಂತ್ರಾಂಶ ಟ್ಯೂನರ್‌ಸ್ಟುಡಿಯೊದಲ್ಲಿ ಟೂತ್ ಲಾಗ್ (ಹಲ್ಲುಗಳ ದಾಖಲೆ) ನೋಡುತ್ತ ಕುಳಿತಾಗ ನನ್ನ ತಪ್ಪು ಸಿಕ್ಕಿತು: ಹಲ್ಲು ಗುರುತಿಸುವ ವಿಆರ್ (ಆಯಸ್ಕಾಂತದ) ಸೆನ್ಸರ್‌ನ ಎರಡು ತಂತಿಗಳನ್ನು ಅದಲುಬದಲು ಮಾಡಿದ್ದೆ. ಸಾಲದೆಂಬಂತೆ ಬ್ರಾಕೆಟ್ ತೆಳು ತಗಡಿನದು, ವೇಗ ಏರಿದಂತೆ ನಡುಗುತ್ತಿತ್ತು. ದಪ್ಪ ಪಟ್ಟಿಯ ಬ್ರಾಕೆಟ್ ಮಾಡಿ, ಶೀಲ್ಡ್ ತಂತಿಯನ್ನು ಇಸಿಯು ತುದಿಯಲ್ಲಿ ಮಾತ್ರ ಗ್ರೌಂಡ್ ಮಾಡಿದೆ. ಕಿಡಿಯ ಟೈಮಿಂಗ್ 10 ಡಿಗ್ರಿಗೆ ಲಾಕ್ ಮಾಡಿ ಟೈಮಿಂಗ್ ಲೈಟ್ ಹಿಡಿದರೆ ಗುರುತು ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತ್ತು.

ಇದರ ನಡುವೆ ಇಂಜೆಕ್ಟರ್‌ಗಳನ್ನು ಅಳತೆ ಜಾಡಿಗಳಿಗೆ ಸಿಂಪಡಿಸಿ ನೋಡುವ ಹುಚ್ಚು ಹಿಡಿಯಿತು. ಒಂದು ಉಳಿದವುಗಳಿಗಿಂತ ಶೇ. 8ರಷ್ಟು ಕಡಿಮೆ ಸುರಿಸುತ್ತಿತ್ತು, ಬದಲಿಸಿದೆ. ಡೆಡ್ ಟೈಮ್ (ಇಂಜೆಕ್ಟರ್ ತೆರೆಯಲು ತಡವಾಗುವ ಹೊತ್ತು) 14 ವೋಲ್ಟ್‌ನಲ್ಲಿ 0.9 ಮಿಲಿಸೆಕೆಂಡ್‌ನಷ್ಟು, 12 ವೋಲ್ಟ್‌ಗೆ ಇಳಿಸಿದರೆ 1.2ರ ಹತ್ತಿರ. ಹೆಡ್‌ಲೈಟ್ ಹಾಕಿದಾಗ ಐಡಲ್ ಕುಸಿಯುತ್ತಿದ್ದುದು ಈ ಟೇಬಲ್ ತುಂಬಿದ ಮೇಲೆ ನಿಂತಿತು.

ಗಾಳಿ-ಇಂಧನದ ಪ್ರಮಾಣ ಅಳೆಯುವ ವೈಡ್‌ಬ್ಯಾಂಡ್‌ನಲ್ಲಿ ಜಿಪುಣತನ ಮಾಡಲಿಲ್ಲ. ಆದರೂ ಅದರ ಎಲ್‌ಎಸ್‌ಯು 4.9 ಮಾದರಿಯ ಒಂದು ಸೆನ್ಸರನ್ನು ಕೊಂದೆ. ಕಂಟ್ರೋಲರ್‌ಗೆ ವಿದ್ಯುತ್ ಕೊಡದೆ ಸೆನ್ಸರನ್ನು ಎಕ್ಸಾಸ್ಟ್‌ನಲ್ಲೇ ಬಿಟ್ಟು ಎರಡು ದಿನ ಗಾಡಿ ಓಡಿಸಿದ್ದೆ.

ನಾಲ್ಕು ಥ್ರಾಟಲ್ ಎಂದರೆ ಇನ್‌ಟೇಕ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್‌ನ ಅಂಕಿ ಕುಣಿಯುತ್ತದೆ, ಆಲ್ಫಾ-ಎನ್ (ಥ್ರಾಟಲ್ ತೆರೆದ ಮಟ್ಟ, ಆರ್‌ಪಿಎಂ ನೋಡಿ ಇಂಧನ ಕೊಡುವ ವಿಧಾನ) ಒಂದೇ ಗತಿ ಎಂದಿದ್ದರು. ನಾಲ್ಕೂ ರನ್ನರ್‌ಗಳಿಂದ (ಸಿಲಿಂಡರಿಗೆ ಗಾಳಿ ಒಯ್ಯುವ ಕೊಳವೆಗಳು) ಸಣ್ಣ ನಳಿಕೆ ಎಳೆದು ಒಂದು ಡಬ್ಬಿಗೆ ಸೇರಿಸಿ, ಅಲ್ಲಿಂದ ಸೆನ್ಸರ್‌ಗೆ ಕೊಟ್ಟೆ. ಐಡಲ್‌ನಲ್ಲಿ ಈಗ ಒಂದೆರಡು ಕೆಪಿಎ ಮಾತ್ರ ಅಲುಗಾಡುತ್ತದೆ. ನಳಿಕೆಯೊಳಗಿನ ರಂಧ್ರದ ಅಳತೆಯನ್ನು ಮಾತ್ರ ಹೇಳಲಾರೆ. ಹನ್ನೊಂದು ಸಲ ಕೊರೆದು ಕಂಡುಕೊಂಡದ್ದು.

ವ್ಯರ್ಥವಾದ ಬೋರ್ಡ್, ಸತ್ತ ಸೆನ್ಸರ್ ಎಲ್ಲ ಸೇರಿಸಿದರೂ ಆ ಬೀಗದ ಪೆಟ್ಟಿಗೆಯ ಬೆಲೆಯ ಅರ್ಧ ದಾಟಲಿಲ್ಲ. ಬೆಳಗಿನ ಮೊದಲ ಸ್ಟಾರ್ಟ್ ಇನ್ನೂ ಎರಡನೇ ಯತ್ನಕ್ಕೇ ಹಿಡಿಯುತ್ತದೆ. ಸ್ಟಾರ್ಟ್‌ಗೆ ಮುನ್ನ ಇಂಧನ ಸಿಂಪಡಿಸುವ ಪ್ರೈಮಿಂಗ್ ಪಲ್ಸ್ ತಿದ್ದುತ್ತಿದ್ದೇನೆ.