ಫೂಟಿ ಟ್ರೇಡ್‌ನಲ್ಲಿ ಗೆದ್ದವರು ಯಾರು? ಲೆಕ್ಕ ಹಾಕುವುದು ಹೀಗೆ

ಸೆಪ್ಟೆಂಬರ್‌ನ ಕೊನೆಯ ಶನಿವಾರ ಗ್ರ್ಯಾಂಡ್ ಫೈನಲ್ ಮುಗಿದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ (ಅಲ್ಲಿನವರ ಬಾಯಲ್ಲಿ ‘ಫೂಟಿ’) ಆಟ ನಿಲ್ಲುತ್ತದೆ, ವಾದ ಶುರುವಾಗುತ್ತದೆ. ಅಕ್ಟೋಬರ್‌ನಲ್ಲಿ ಸುಮಾರು ಹತ್ತು ದಿನ ಟ್ರೇಡ್ ಅವಧಿ, ಅಂದರೆ ಕ್ಲಬ್ಬುಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಕಾಲ; ನವೆಂಬರ್‌ನಲ್ಲಿ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್. ಮೆಲ್ಬರ್ನ್, ಪರ್ತ್, ಅಡಿಲೇಡ್‌ಗಳ ಕಚೇರಿಗಳಲ್ಲಿ ಆಗ ಬೇರೆ ಮಾತೇ ಇರುವುದಿಲ್ಲ. ಅಲ್ಲಿ ನೆಲೆಸಿದ ಕನ್ನಡಿಗರಿಗೆ ಆಟ ಬೇಗ ಒಗ್ಗುತ್ತದೆ, ಈ ಕೊಡು-ಕೊಳ್ಳುವಿಕೆ ಮಾತ್ರ ಬಹುಕಾಲ ಅರ್ಥವಾಗುವುದಿಲ್ಲ. ಐಪಿಎಲ್ ಹರಾಜನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡುವುದೇ ಇದಕ್ಕೆ ಮುಖ್ಯ ಕಾರಣ.

ಈ ಆಟದ ರಾಷ್ಟ್ರೀಯ ಲೀಗ್ ಆದ ಎಎಫ್‌ಎಲ್‌ನಲ್ಲಿ ಹರಾಜಿಲ್ಲ. ಒಂದು ಕ್ಲಬ್ಬು ಇನ್ನೊಂದಕ್ಕೆ ದುಡ್ಡು ಕೊಟ್ಟು ಆಟಗಾರನನ್ನು ಕೊಳ್ಳುವಂತಿಲ್ಲ. ಆಟಗಾರನಿಗೆ ಬದಲಾಗಿ ಇನ್ನೊಬ್ಬ ಆಟಗಾರನನ್ನು ಕೊಡಬೇಕು, ಇಲ್ಲವೇ ಡ್ರಾಫ್ಟ್ ಪಿಕ್ ಕೊಡಬೇಕು. ಪಿಕ್ ಎಂದರೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ. 1986ರಿಂದ ರಾಷ್ಟ್ರೀಯ ಡ್ರಾಫ್ಟ್ ನಡೆಯುತ್ತಿದೆ. ಕೊನೆಯ ಸ್ಥಾನ ಪಡೆದ ಕ್ಲಬ್ಬಿಗೆ ಮೊದಲ ಪಿಕ್, ಪ್ರಶಸ್ತಿ ಗೆದ್ದ ಕ್ಲಬ್ಬಿಗೆ ಸುತ್ತಿನ ಕೊನೆಯ ಪಿಕ್. ಕ್ಲಬ್ಬುಗಳು 18, ಹಾಗಾಗಿ ಒಂದು ಸುತ್ತಿಗೆ ಮೂಲದಲ್ಲಿ 18 ಪಿಕ್. ಡ್ರಾಫ್ಟ್‌ಗೆ ಅರ್ಹನಾಗಲು ಆ ವರ್ಷದ ಡಿಸೆಂಬರ್ 31ರೊಳಗೆ ಹುಡುಗನಿಗೆ ಕನಿಷ್ಠ 18 ತುಂಬಬೇಕು. ಮತ್ತೊಂದು ದೊಡ್ಡ ವ್ಯತ್ಯಾಸವೆಂದರೆ, ಆಟಗಾರ ಒಪ್ಪದೆ ಅವನನ್ನು ಬೇರೆ ಕ್ಲಬ್ಬಿಗೆ ಸಾಗಿಸುವಂತಿಲ್ಲ. ಟ್ರೇಡ್‌ನಲ್ಲಿ ಬೆಲೆ ಏರುವುದೂ ಇಳಿಯುವುದೂ ಬಹುಪಾಲು ಇದರಿಂದಲೇ.

ಹೆಜ್ಜೆ 1: ಎರಡು ಕಡೆಯ ಪಟ್ಟಿ ಪೂರ್ತಿ ಬರೆಯಿರಿ

ಪತ್ರಿಕೆಯ ತಲೆಬರಹದಲ್ಲಿ ಆಟಗಾರನ ಹೆಸರು, ಮೊದಲ ಪಿಕ್ಕು ಇಷ್ಟೇ ಇರುತ್ತವೆ. ಹಿಂದಕ್ಕೆ ಬಂದದ್ದನ್ನು ಯಾರೂ ಹೇಳುವುದಿಲ್ಲ. 2018ರಲ್ಲಿ ಲಾಕಿ ನೀಲ್ ಫ್ರಿಮ್ಯಾಂಟಲ್‌ನಿಂದ ಬ್ರಿಸ್ಬೇನ್‌ಗೆ ಹೋದಾಗ ‘ಪಿಕ್ 6 ಮತ್ತು 19ಕ್ಕೆ ನೀಲ್’ ಎಂದೇ ಜನ ನೆನಪಿಟ್ಟುಕೊಂಡರು. ಪೂರ್ತಿ ಪಟ್ಟಿ ಬೇರೆ: ಬ್ರಿಸ್ಬೇನ್ ಕೊಟ್ಟದ್ದು 6, 19 ಮತ್ತು 55. ಪಡೆದದ್ದು ನೀಲ್ ಜೊತೆಗೆ ಪಿಕ್ 30. ಆ 30 ಬಿಟ್ಟುಹೋದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಹೆಜ್ಜೆ 2: ಪಿಕ್‌ಗಳನ್ನು ಅಂಕಕ್ಕೆ ಇಳಿಸಿ

2015ರಲ್ಲಿ ಲೀಗ್ ಪ್ರತಿ ಪಿಕ್‌ಗೂ ಇಷ್ಟು ಅಂಕ ಎಂದು ನಿಗದಿ ಮಾಡಿತು. ಪಿಕ್‌ಗಳಿಂದ ಬಂದ ಆಟಗಾರರು ಮುಂದೆ ಗಳಿಸಿದ ಸಂಬಳವೇ ಅದಕ್ಕೆ ಆಧಾರ. 2024ರವರೆಗಿನ ಟ್ರೇಡ್‌ಗಳನ್ನು ತೂಗಲು ಈ ಕೆಲವು ಸಂಖ್ಯೆ ಕೈಯಲ್ಲಿದ್ದರೆ ಸಾಕು:

ಪಿಕ್ 1 – 3000
ಪಿಕ್ 2 – 2517
ಪಿಕ್ 3 – 2234
ಪಿಕ್ 5 – 1878
ಪಿಕ್ 10 – 1395
ಪಿಕ್ 18 – 985
ಪಿಕ್ 27 – 703
ಪಿಕ್ 36 – 502
ಪಿಕ್ 45 – 347

ಮೊದಲ ಹತ್ತು ಪಿಕ್‌ಗಳಲ್ಲೇ ಬೆಲೆ ಅರ್ಧಕ್ಕಿಂತ ಕೆಳಗೆ ಕುಸಿಯುತ್ತದೆ, ಆಮೇಲೆ ಇಳಿಜಾರು ಮೆತ್ತಗಾಗುತ್ತದೆ. ಪಿಕ್ 1ರಿಂದ 2ಕ್ಕೆ ಇಳಿದರೆ 483 ಅಂಕ ನಷ್ಟ. 27ರಿಂದ 36ಕ್ಕೆ ಒಂಬತ್ತು ಮೆಟ್ಟಿಲು ಇಳಿದರೂ ನಷ್ಟ 201 ಮಾತ್ರ. ‘ಒಂದೇ ಸ್ಥಾನ ತಾನೇ’ ಎಂಬ ಮಾತು ಮೇಲಿನ ಐದು ಪಿಕ್‌ಗಳಿಗೆ ಹೊಂದುವುದಿಲ್ಲ.

ಈಗ ನೀಲ್ ಟ್ರೇಡ್ ಕೂಡಿಸಿ. 6ಕ್ಕೆ 1751, 19ಕ್ಕೆ 948, 55ಕ್ಕೆ 207, ಒಟ್ಟು 2906. ಹಿಂದಕ್ಕೆ ಬಂದ 30ರ ಬೆಲೆ 629, ಅದನ್ನು ಕಳೆಯಿರಿ. ಉಳಿದದ್ದು 2277. ಅಂದರೆ ಬ್ರಿಸ್ಬೇನ್ ನೀಲ್‌ಗಾಗಿ ತೆತ್ತದ್ದು ಹೆಚ್ಚುಕಡಿಮೆ ಪಿಕ್ 3ರ ಬೆಲೆ. 2011ರ ಡ್ರಾಫ್ಟ್‌ನಲ್ಲಿ ಪಿಕ್ 58ರಲ್ಲಿ ಬಂದಿದ್ದ ಹುಡುಗನಿಗೆ ಇದು ದುಬಾರಿ ಎಂದವರಿದ್ದರು. ನೀಲ್ 2020 ಮತ್ತು 2023ರಲ್ಲಿ ಬ್ರೌನ್‌ಲೋ ಪದಕ, ಅಂದರೆ ಲೀಗ್‌ನ ವರ್ಷದ ಶ್ರೇಷ್ಠ ಆಟಗಾರನ ಗೌರವ, ಗೆದ್ದ. ಅವನನ್ನು ಹಿಂದೆ ಯಾವ ಪಿಕ್‌ನಲ್ಲಿ ಆರಿಸಿದ್ದರು ಎಂಬುದಕ್ಕೂ ಇವತ್ತಿನ ಬೆಲೆಗೂ ಸಂಬಂಧವಿಲ್ಲ. ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲೇ.

ಈ ಪಟ್ಟಿಗೆ ಒಂದು ದೋಷವಿದೆ, ಅದು ಗೊತ್ತಿದ್ದೇ ಬಳಸಬೇಕು. ನಾಲ್ಕು ಸಣ್ಣ ಪಿಕ್ ಕೂಡಿಸಿದರೆ ಅಂಕದಲ್ಲಿ ಒಂದು ದೊಡ್ಡ ಪಿಕ್‌ಗೆ ಸಮ ಬರಬಹುದು, ತಂಡದಲ್ಲಿ ಬರುವುದಿಲ್ಲ. ಕ್ಲಬ್ಬಿನ ಪಟ್ಟಿಯಲ್ಲಿ ಜಾಗ ಸೀಮಿತ. ನಾಲ್ವರನ್ನು ತರಬೇಕಾದರೆ ನಾಲ್ವರನ್ನು ಕೈಬಿಡಬೇಕು. ಹಾಗಾಗಿ ಅಂಕ ಸಮವಿದ್ದಾಗ ಮೇಲಿನ ಪಿಕ್ ಪಡೆದವರೇ ಮುಂದಿದ್ದಾರೆ ಎಂದು ಹಿಡಿಯಿರಿ. ಬಿಡ್ ಸರಿಗಟ್ಟುವ ಕ್ಲಬ್ಬಿಗೆ ಮಾತ್ರ ಈ ನಿಯಮ ತಿರುಗುಮುರುಗಾಗುತ್ತದೆ, ಅದು ಹೆಜ್ಜೆ 5ರಲ್ಲಿ.

ಹೆಜ್ಜೆ 3: ಮುಂದಿನ ವರ್ಷದ ಪಿಕ್‌ಗೆ ಮೂರು ಬೆಲೆ ಬರೆಯಿರಿ

2015ರಿಂದ ಕ್ಲಬ್ಬುಗಳು ಮುಂಬರುವ ವರ್ಷದ ಪಿಕ್‌ಗಳನ್ನೂ ಕೊಡಬಹುದು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಕೆಲಸ ಇದು, ಏಕೆಂದರೆ ಆ ಕ್ಲಬ್ಬು ಎಷ್ಟನೇ ಸ್ಥಾನಕ್ಕೆ ಬರುತ್ತದೆಂದು ಆಗ ಯಾರಿಗೂ ಗೊತ್ತಿರುವುದಿಲ್ಲ. ಒಂದೇ ಸಂಖ್ಯೆಗೆ ಅಂಟಿಕೊಳ್ಳಬೇಡಿ. ಕ್ಲಬ್ಬು ಚೆನ್ನಾಗಿ ಆಡಿದರೆ, ಈ ವರ್ಷದಂತೆಯೇ ಆಡಿದರೆ, ಕುಸಿದರೆ ಎಂದು ಮೂರು ಸಾಲು ಬರೆಯಿರಿ. ಏನೂ ಅಂದಾಜು ಸಿಗದಿದ್ದರೆ ಸುತ್ತಿನ ನಡುವಿನ ಪಿಕ್ ಹಿಡಿಯಿರಿ: ಮೊದಲ ಸುತ್ತಿಗೆ 10, ಎರಡನೆಯದಕ್ಕೆ 27, ಮೂರನೆಯದಕ್ಕೆ 45.

ಮೂರನೇ ಸಾಲು ಏಕೆ ಬೇಕೆಂಬುದಕ್ಕೆ ಕಾಲಿಂಗ್‌ವುಡ್ ಸಾಕ್ಷಿ. 2020ರಲ್ಲಿ ಫೈನಲ್ಸ್ (ಮೇಲಿನ ತಂಡಗಳಷ್ಟೇ ಆಡುವ ಕೊನೆಯ ಹಂತ) ಆಡಿದ ಆ ಕ್ಲಬ್ಬು ತನ್ನ 2021ರ ಮೊದಲ ಸುತ್ತಿನ ಪಿಕ್ಕನ್ನು ಗ್ರೇಟರ್ ವೆಸ್ಟರ್ನ್ ಸಿಡ್ನಿಗೆ ಕೊಟ್ಟಿತು. ಫೈನಲ್ಸ್ ಆಡುವ ಕ್ಲಬ್ಬಿನ ಪಿಕ್ ಎಂದರೆ ಸುಮಾರು 12, ಬೆಲೆ 1268. ಮರುವರ್ಷ ಕಾಲಿಂಗ್‌ವುಡ್ 17ನೇ ಸ್ಥಾನಕ್ಕೆ ಜಾರಿತು. ಕೊಟ್ಟ ಪಿಕ್ 2 ಆಯಿತು, ಬೆಲೆ 2517. ಒಂದೇ ಕಾಗದದ ಚೂರು ಹನ್ನೆರಡು ತಿಂಗಳಲ್ಲಿ ಇಮ್ಮಡಿಯಾಯಿತು. ಆ ಪಿಕ್‌ನಿಂದಲೇ ಗ್ರೇಟರ್ ವೆಸ್ಟರ್ನ್ ಸಿಡ್ನಿಗೆ ಫಿನ್ ಕ್ಯಾಲಹನ್ ಸಿಕ್ಕಿದ.

ಕಾಲಿಂಗ್‌ವುಡ್ ಪೂರ್ತಿ ಮೋಸಹೋಯಿತೆಂದು ತೀರ್ಪು ಕೊಡುವವರು ಅದೇ ವರ್ಷದ ಇನ್ನೊಂದು ಸಂಗತಿಯನ್ನೂ ನೋಡಬೇಕು. ಅದಕ್ಕೆ ಹೆಜ್ಜೆ 5ರವರೆಗೆ ಕಾಯಿರಿ.

ಹೆಜ್ಜೆ 4: ಕರಾರು ನೋಡಿ, ಬಿಗಿ ಯಾರ ಕೈಯಲ್ಲಿದೆ ಎಂದು ತಿಳಿಯಿರಿ

ಅಭಿಮಾನಿಗಳ ವಾದ ಹಳಿ ತಪ್ಪುವುದು ಹೆಚ್ಚಾಗಿ ಇಲ್ಲಿ. ಆಟಗಾರ ಎಷ್ಟು ಒಳ್ಳೆಯವನು ಎಂಬುದು ಬೆಲೆಯ ಅರ್ಧ ಮಾತ್ರ. ಉಳಿದರ್ಧ, ಅವನ ಕರಾರು ಎಷ್ಟು ವರ್ಷ ಬಾಕಿಯಿದೆ ಎಂಬುದು.

ಕರಾರು ಬಾಕಿಯಿದ್ದರೆ ಹಳೆಯ ಕ್ಲಬ್ಬು ‘ಕೊಡುವುದಿಲ್ಲ’ ಎಂದು ಕೂರಬಹುದು, ಬೆಲೆ ಏರುತ್ತದೆ. ಕರಾರು ಮುಗಿದಿದ್ದರೆ ಬಿಗಿ ಸಡಿಲುತ್ತದೆ. ಮಾತುಕತೆ ಮುರಿದುಬಿದ್ದರೆ ಆಟಗಾರ ಪ್ರೀ-ಸೀಸನ್ ಡ್ರಾಫ್ಟ್‌ಗೆ (ಮುಖ್ಯ ಡ್ರಾಫ್ಟ್ ಆದಮೇಲೆ ನಡೆಯುವ ಚಿಕ್ಕ ಡ್ರಾಫ್ಟ್) ಇಳಿಯಬಹುದು, ಹಳೆಯ ಕ್ಲಬ್ಬಿಗೆ ಏನೂ ಸಿಗುವುದಿಲ್ಲ. 2019ರಲ್ಲಿ ಜ್ಯಾಕ್ ಮಾರ್ಟಿನ್ ಗೋಲ್ಡ್ ಕೋಸ್ಟ್ ಬಿಟ್ಟು ಕಾರ್ಲ್‌ಟನ್ ಸೇರಿದ್ದು ಹೀಗೆಯೇ. ಕಾರ್ಲ್‌ಟನ್ ಟ್ರೇಡ್‌ನಲ್ಲಿ ಒಂದು ಪಿಕ್ಕೂ ಕೊಡಲಿಲ್ಲ.

ಮೂರನೆಯ ಸ್ಥಿತಿ ಫ್ರೀ ಏಜೆನ್ಸಿ, ಅಂದರೆ ಕರಾರು ಮುಗಿದ ಹಳೆಯ ಆಟಗಾರ ಟ್ರೇಡ್ ಇಲ್ಲದೆಯೇ ಬೇರೆ ಕ್ಲಬ್ಬಿಗೆ ಹೋಗುವ ಹಕ್ಕು. ಇದು 2012ರಲ್ಲಿ ಬಂತು. ಒಂದೇ ಕ್ಲಬ್ಬಿನಲ್ಲಿ 8 ವರ್ಷ ಪೂರೈಸಿ, ಅಲ್ಲಿನ ಹೆಚ್ಚು ಸಂಬಳದ ಕಾಲುಭಾಗದವರಲ್ಲಿ ಒಬ್ಬನಾಗಿದ್ದರೆ ಅವನು ನಿರ್ಬಂಧಿತ ಫ್ರೀ ಏಜೆಂಟ್. ಬೇರೆ ಕ್ಲಬ್ಬು ಕೊಟ್ಟ ಸಂಬಳವನ್ನು ಹಳೆಯ ಕ್ಲಬ್ಬು ಸರಿಗಟ್ಟಿ ತಡೆಯಬಹುದು. ಸರಿಗಟ್ಟದೆ ಬಿಟ್ಟರೆ ಲೀಗ್ ಪರಿಹಾರದ ಪಿಕ್ ಕೊಡುತ್ತದೆ. ದೊಡ್ಡ ಕರಾರಿನವರಿಗೆ ಸಿಗುವ ಮೇಲ್ದರ್ಜೆಯ ಪರಿಹಾರವು ಆ ಕ್ಲಬ್ಬಿನ ಮೊದಲ ಪಿಕ್‌ನ ಬೆನ್ನಿಗೇ ಬರುತ್ತದೆ.

ಇದರ ಪರಿಣಾಮ ವಿಚಿತ್ರ. 2013ರಲ್ಲಿ ಲ್ಯಾನ್ಸ್ ಫ್ರ್ಯಾಂಕ್ಲಿನ್ 9 ವರ್ಷ, 1 ಕೋಟಿ ಡಾಲರ್ ಕರಾರಿಗೆ ಹಾಥಾರ್ನ್ ಬಿಟ್ಟು ಸಿಡ್ನಿ ಸ್ವಾನ್ಸ್ ಸೇರಿದ. ಹಾಥಾರ್ನ್ ಆ ವರ್ಷ ಪ್ರಶಸ್ತಿ ಗೆದ್ದಿತ್ತು, ಅದರ ಪಿಕ್ 18, ಆದ್ದರಿಂದ ಪರಿಹಾರ ಪಿಕ್ 19. 2023ರಲ್ಲಿ ರಕ್ಷಣಾ ಆಟಗಾರ ಬೆನ್ ಮೆಕೇ ನಾರ್ತ್ ಮೆಲ್ಬರ್ನ್‌ನಿಂದ ಎಸೆಂಡನ್‌ಗೆ ಹೋದಾಗ ನಾರ್ತ್‌ಗೆ ಸಿಕ್ಕ ಪರಿಹಾರ ಪಿಕ್ 3, ಏಕೆಂದರೆ ಅದು 17ನೇ ಸ್ಥಾನದಲ್ಲಿತ್ತು. ಆ ಕಾಲದ ಅತಿ ದೊಡ್ಡ ಗೋಲುಗಾರನಿಗೆ 948 ಅಂಕ, ಮೆಕೇಗೆ 2234. ಪರಿಹಾರದ ಪಿಕ್ ಹೇಳುವುದು ಬಿಟ್ಟುಕೊಟ್ಟ ಕ್ಲಬ್ಬಿನ ಸ್ಥಾನವನ್ನು, ಆಟಗಾರನ ಯೋಗ್ಯತೆಯನ್ನಲ್ಲ. ಈ ನಿಯಮ ನ್ಯಾಯವಾದುದಲ್ಲ ಎಂಬುದು ನಮ್ಮ ಅಭಿಪ್ರಾಯ.

ಪರಿಹಾರ ಸಾಲದೆನಿಸಿದಾಗ ಕ್ಲಬ್ಬು ಏನು ಮಾಡಬಹುದು? 2020ರಲ್ಲಿ ಗ್ರೇಟರ್ ವೆಸ್ಟರ್ನ್ ಸಿಡ್ನಿ ಮಾಡಿದ್ದನ್ನು. ಜೆರೆಮಿ ಕ್ಯಾಮರನ್‌ಗೆ ಜೀಲಾಂಗ್ ಕೊಟ್ಟ ಕರಾರನ್ನು ಅದು ಸರಿಗಟ್ಟಿತು. ಆಗ ಜೀಲಾಂಗ್ ಟ್ರೇಡ್‌ಗೆ ಕೂರಲೇಬೇಕಾಯಿತು: 13, 15 ಮತ್ತು 20 ಕೊಟ್ಟು, ಕ್ಯಾಮರನ್ ಜೊತೆಗೆ ಮರುವರ್ಷದ ಎರಡು ಎರಡನೇ ಸುತ್ತಿನ ಪಿಕ್ ಪಡೆಯಿತು. ಕೊಟ್ಟದ್ದು 3236. ಹಿಂದೆ ಬಂದವನ್ನು ತಲಾ 27 ಎಂದು ಹಿಡಿದರೆ 1406. ನಿವ್ವಳ 1830, ಅಂದರೆ ಪಿಕ್ 5ರ ಆಸುಪಾಸು. ಜೀಲಾಂಗ್ 2022ರಲ್ಲಿ ಪ್ರಶಸ್ತಿ ಗೆದ್ದಾಗ ಕ್ಯಾಮರನ್ ಆ ತಂಡದಲ್ಲಿದ್ದ.

ಇಲ್ಲೇ ಸಂಬಳದ ಮಿತಿಯನ್ನೂ (ಕ್ಲಬ್ಬು ತನ್ನ ಆಟಗಾರರಿಗೆಲ್ಲ ಸೇರಿ ಕೊಡಬಹುದಾದ ಒಟ್ಟು ಸಂಬಳದ ಗರಿಷ್ಠ) ಒಮ್ಮೆ ನೋಡಿಬಿಡಿ. ಟ್ರೇಡ್ ಕಣ್ಣಿಗೆ ಹುಚ್ಚಾಟದಂತೆ ಕಂಡರೆ ಕಾರಣ ಬಹುತೇಕ ಸಂಬಳವೇ ಆಗಿರುತ್ತದೆ. 2022ರಲ್ಲಿ ಗೋಲ್ಡ್ ಕೋಸ್ಟ್ ಆಟಗಾರ ಜ್ಯಾಕ್ ಬೋವ್ಸ್‌ನನ್ನೂ ಪಿಕ್ 7ನ್ನೂ ಜೀಲಾಂಗ್‌ಗೆ ಕೊಟ್ಟು, ಬದಲಿಗೆ ಮುಂದಿನ ವರ್ಷದ ಮೂರನೇ ಸುತ್ತಿನ ಒಂದು ಪಿಕ್ ಪಡೆಯಿತು. 1644 ಅಂಕ ಕೊಟ್ಟು ಸುಮಾರು 350 ಪಡೆದಂತೆ. ಉಳಿದದ್ದು ಬೋವ್ಸ್‌ನ ಭಾರೀ ಸಂಬಳವನ್ನು ತನ್ನ ತಲೆಯಿಂದ ಇಳಿಸಿಕೊಂಡದ್ದರ ಬೆಲೆ.

ಹೆಜ್ಜೆ 5: ಬಿಡ್ ಬರುವ ಹುಡುಗರನ್ನು ಗುರುತು ಹಾಕಿಕೊಳ್ಳಿ

ತಂದೆ ಒಂದು ಕ್ಲಬ್ಬಿಗೆ 100 ಅಥವಾ ಹೆಚ್ಚು ಪಂದ್ಯ ಆಡಿದ್ದರೆ ಮಗನ ಮೇಲೆ ಆ ಕ್ಲಬ್ಬಿಗೆ ಮೊದಲ ಹಕ್ಕು. ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದ ಹುಡುಗರಿಗೂ ಇಂಥದೇ ಏರ್ಪಾಡಿದೆ. ಆದರೆ ಬಿಟ್ಟಿಯಲ್ಲ. ಬೇರೆ ಕ್ಲಬ್ಬು ತನ್ನ ಪಿಕ್‌ನಲ್ಲಿ ಆ ಹುಡುಗನ ಹೆಸರು ಕೂಗಿದರೆ (ಇದೇ ಬಿಡ್), ಆ ಪಿಕ್‌ನ ಅಂಕವನ್ನು ಹಕ್ಕಿರುವ ಕ್ಲಬ್ಬು ತನ್ನ ಪಿಕ್‌ಗಳಿಂದ ತುಂಬಬೇಕು.

2021ರಲ್ಲಿ ಕಾಲಿಂಗ್‌ವುಡ್‌ಗೆ ಬರಬೇಕಾಗಿದ್ದವನು ಪೀಟರ್ ಡೇಕಾಸ್‌ರ ಮಗ ನಿಕ್. ಗೋಲ್ಡ್ ಕೋಸ್ಟ್ ಪಿಕ್ 4ರಲ್ಲಿ ಅವನ ಹೆಸರು ಕೂಗಿತು. ಪಿಕ್ 4ರ ಬೆಲೆ 2034, ಆಗಿನ ರಿಯಾಯಿತಿ ಶೇ 20, ಕಟ್ಟಬೇಕಾದದ್ದು 1627. ಇಷ್ಟನ್ನು ಸಣ್ಣ ಪಿಕ್‌ಗಳಿಂದಲೇ ತುಂಬಬಹುದು: 38, 40, 42, 44 ಕೂಡಿಸಿದರೆ 1651 ಆಗುತ್ತದೆ. ಬಿಡ್ ಬಂದಾಗ ಕ್ಲಬ್ಬಿನ ಕೈಯಲ್ಲಿರುವ ಮುಂದಿನ ಪಿಕ್ಕನ್ನೇ ಮೊದಲು ಕಿತ್ತುಕೊಳ್ಳುತ್ತಾರೆ. ಹಾಗಾಗಿ ಮಗ ಬರುವ ವರ್ಷ ತಿಳಿದಿರುವ ಕ್ಲಬ್ಬು ಒಂದು ದೊಡ್ಡ ಪಿಕ್ಕನ್ನು ಕೊಟ್ಟು ಹಲವು ಸಣ್ಣವನ್ನು ಕೂಡಿಡುವುದು ಬುದ್ಧಿವಂತಿಕೆ. ಕಾಲಿಂಗ್‌ವುಡ್ ತನ್ನ ಮೊದಲ ಸುತ್ತಿನ ಪಿಕ್ ಮಾರಿದ್ದರ ಹಿಂದೆ ಈ ತರ್ಕವಿತ್ತು. ಪಿಕ್ 12 ಬರುತ್ತದೆಂದು ಎಣಿಸಿದ್ದರೆ ಅದು ಡೇಕಾಸ್‌ನ ಬಿಡ್‌ಗೇ ಹೋಗುತ್ತಿತ್ತು. ತಪ್ಪಿದ್ದು ತರ್ಕವಲ್ಲ, ತಮ್ಮ ತಂಡದ ಬಗ್ಗೆ ಇಟ್ಟ ಅಂದಾಜು. ಪಿಕ್ 2 ಕೈಯಲ್ಲಿದ್ದಿದ್ದರೆ ಬಿಡ್ ಬರುವ ಮೊದಲೇ ಒಬ್ಬನನ್ನು ಆರಿಸಿಕೊಳ್ಳಬಹುದಿತ್ತು.

ಪ್ರತಿ ಬಿಡ್ ಸರಿಗಟ್ಟಿದಾಗಲೂ ಅದರ ನಂತರದ ಪಿಕ್‌ಗಳೆಲ್ಲ ಒಂದೊಂದು ಸ್ಥಾನ ಕೆಳಗಿಳಿಯುತ್ತವೆ. ಮೇಲೆ ಹೇಳಿದ ಕ್ಯಾಲಹನ್ ದಾಖಲೆಯಲ್ಲಿ ಪಿಕ್ 3, ಏಕೆಂದರೆ ಅವನಿಗಿಂತ ಮೊದಲು ವೆಸ್ಟರ್ನ್ ಬುಲ್‌ಡಾಗ್ಸ್ ಸ್ಯಾಮ್ ಡಾರ್ಸಿಯ ಬಿಡ್ ಸರಿಗಟ್ಟಿತ್ತು. ಟ್ರೇಡ್ ದಿನದ ಸಂಖ್ಯೆಗೂ ಡ್ರಾಫ್ಟ್ ರಾತ್ರಿಯ ಸಂಖ್ಯೆಗೂ ತಾಳೆಯಾಗದಿದ್ದರೆ ಗಾಬರಿ ಬೇಡ.

2025ರಿಂದ ಈ ಬಾಗಿಲು ಕಿರಿದಾಗಿದೆ. ರಿಯಾಯಿತಿ ಶೇ 10ಕ್ಕೆ ಇಳಿಯಿತು, ಕೆಳಗಿನ ಪಿಕ್‌ಗಳ ಅಂಕ ಕಡಿತವಾಯಿತು, 54ರ ನಂತರದವಕ್ಕೆ ಬೆಲೆಯೇ ಇಲ್ಲ. ಹೊಸ ಟ್ರೇಡ್‌ಗಳನ್ನು ಹಳೆಯ ಪಟ್ಟಿಯಲ್ಲಿ ತೂಗಬೇಡಿ.

ಹೆಜ್ಜೆ 6: ಹಾಳೆಯನ್ನು ಎತ್ತಿಡಿ

ಅಕ್ಟೋಬರ್‌ನ ಲೆಕ್ಕ ಹೇಳುವುದು ಬೆಲೆ ಸರಿಯಿತ್ತೇ ಎಂಬುದನ್ನು ಮಾತ್ರ. ಫಲ ನೋಡಲು ಕನಿಷ್ಠ ಐದು ವರ್ಷ ಬೇಕು, ಹದಿನೆಂಟರ ಹುಡುಗ, ಅದರಲ್ಲೂ ಎತ್ತರದ ಆಟಗಾರ, ಮಾಗಲು ಅಷ್ಟು ಹಿಡಿಯುತ್ತದೆ. 2014ರಲ್ಲಿ ಬುಲ್‌ಡಾಗ್ಸ್ ತನ್ನ ನಾಯಕ ರಯಾನ್ ಗ್ರಿಫನ್ ಮತ್ತು ಪಿಕ್ 6 ಕೊಟ್ಟು ಟಾಮ್ ಬಾಯ್ಡ್‌ನನ್ನು ತಂದಿತು. ಆತ 23ಕ್ಕೇ ನಿವೃತ್ತನಾದ. ಪಂದ್ಯಗಳನ್ನಷ್ಟೇ ಎಣಿಸುವವರಿಗೆ ಇದು ಸೋಲು. ಆದರೆ 2016ರ ಗ್ರ್ಯಾಂಡ್ ಫೈನಲ್‌ನಲ್ಲಿ ಅವನು 3 ಗೋಲು ಹೊಡೆದ, 1954ರ ನಂತರ ಬುಲ್‌ಡಾಗ್ಸ್ ಮೊದಲ ಬಾರಿ ಪ್ರಶಸ್ತಿ ಗೆದ್ದಿತು. ಆ ಕ್ಲಬ್ಬಿನ ಅಭಿಮಾನಿಯೆದುರು ಬಾಯ್ಡ್ ದುಬಾರಿ ಎನ್ನುವ ಮೊದಲು ಈ ಸಾಲನ್ನೂ ಹಾಳೆಯಲ್ಲಿ ಬರೆದುಕೊಳ್ಳಿ.

ಬಹುಕಾಲದ ವಾದ ಕ್ರಿಸ್ ಜಡ್‌ನದು. 2007ರಲ್ಲಿ ಕಾರ್ಲ್‌ಟನ್ ಪಡೆದದ್ದು ಜಡ್ ಮತ್ತು ಪಿಕ್ 46. ವೆಸ್ಟ್ ಕೋಸ್ಟ್ ಪಡೆದದ್ದು ಪಿಕ್ 3, ಪಿಕ್ 20 ಮತ್ತು ಆಗಿನ್ನೂ ಹೆಸರಾಗದ ಜಾಶ್ ಕೆನಡಿ. ಜಡ್ ನಾಯಕನಾದ, 2010ರ ಬ್ರೌನ್‌ಲೋ ಗೆದ್ದ, ಆದರೆ ಕಾರ್ಲ್‌ಟನ್‌ಗೆ ಪ್ರಶಸ್ತಿ ಬರಲಿಲ್ಲ. ಕೆನಡಿ ವೆಸ್ಟ್ ಕೋಸ್ಟ್ ಪರ 700ಕ್ಕೂ ಹೆಚ್ಚು ಗೋಲು ಹೊಡೆದು, 2018ರಲ್ಲಿ ಪ್ರಶಸ್ತಿ ಎತ್ತಿದ. ಪಿಕ್ 3ರಲ್ಲಿ ಬಂದ ಕ್ರಿಸ್ ಮಾಸ್ಟನ್ ಕೂಡ ಆ ದಿನ ಮೈದಾನದಲ್ಲಿದ್ದ. ಟ್ರೇಡ್ ನಡೆದು ಆಗಲೇ ಹನ್ನೊಂದು ವರ್ಷ ಕಳೆದಿತ್ತು.