ಪುಟ್ಟನಿಗೆ ಕೆಂಪು ಬಸ್ಸಿನ ಕೇಕು

ಹುಟ್ಟುಹಬ್ಬಕ್ಕೆ ಇನ್ನೂ ಒಂದು ತಿಂಗಳಿರುವಾಗಲೇ "ಯಾವ ಕೇಕು ಬೇಕೋ?" ಅಂತ ಕೇಳಿದ್ದು ನನ್ನದೇ ತಪ್ಪು. ಪುಟ್ಟ ಒಂದು ಕ್ಷಣವೂ ಯೋಚಿಸಲಿಲ್ಲ. "ಕೆಂಪು ಬಸ್ಸು" ಅಂದ. ರಾಜಹಂಸ ಅಲ್ಲ, ಅಶ್ವಮೇಧ ಅಲ್ಲ. ಶಿವಮೊಗ್ಗದಿಂದ ಅಜ್ಜಿ ಊರಿಗೆ ಹೋಗುವ ಸಾದಾ ಕೆಂಪು ಬಸ್ಸು. ಮುಂದೆ ಬೋರ್ಡು ಬೇಕು, ಹಿಂದೆ ಏಣಿ ಬೇಕು, ಮೇಲೆ ಲಗೇಜು ಬೇಕು. ಮೇಲೆ ಲಗೇಜು ಹೇರುವ ಬಸ್ಸನ್ನು ಇವನು ಯಾವಾಗ ನೋಡಿದನೋ ಗೊತ್ತಿಲ್ಲ. ಅವರಪ್ಪ ಹೇಳಿದ ಕಥೆಯಿಂದ ಬಂದಿರಬೇಕು.

ಮನೆಯಲ್ಲಿ ಕೇಕು ಮಾಡುವುದು ನನಗೆ ಹೊಸದಲ್ಲ. ಆದರೆ ಗುಂಡಗಿನ ಕೇಕಿನ ಮೇಲೆ ಹೂವು ಬಿಡಿಸುವುದು ಬೇರೆ, ಬಸ್ಸು ನಿಲ್ಲಿಸುವುದು ಬೇರೆ. ಅದರ ಮೇಲೆ ಎರಡು ತೊಡಕು. ಅತ್ತೆ ಮೊಟ್ಟೆ ತಿನ್ನುವುದಿಲ್ಲ. ಹುಟ್ಟುಹಬ್ಬ ಬರುವುದು ಏಪ್ರಿಲ್ ಕೊನೆಯಲ್ಲಿ, ಅಡುಗೆಮನೆಯಲ್ಲಿಟ್ಟ ಬೆಣ್ಣೆ ಹತ್ತು ನಿಮಿಷಕ್ಕೆ ಎಣ್ಣೆಯಾಗುವ ಕಾಲ.

ಮೊದಲು ಎಲ್ಲರೂ ಮಾಡುವಂತೆ ಫಾಂಡೆಂಟ್ ತಂದೆ. ಅಂದರೆ ಚಪಾತಿ ಹಿಟ್ಟಿನ ಹಾಗೆ ಲಟ್ಟಿಸಿ ಕೇಕಿನ ಮೇಲೆ ಹೊದಿಸುವ ಸಕ್ಕರೆ ಕಣಕ. ಕೆಲವು ಫಾಂಡೆಂಟಿಗೆ ಜೆಲಾಟಿನ್ ಹಾಕುತ್ತಾರೆ, ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಬರುವಂಥದ್ದು. ಹಾಗಾಗಿ ಹಸಿರು ಚುಕ್ಕೆ ನೋಡಿಯೇ ತಂದೆ. ಎರಡು ವಾರ ಮುಂಚೆ ಚಿಕ್ಕದೊಂದು ಬಸ್ಸು ಮಾಡಿ ನೋಡಿದೆ. ಬಿಳಿ ಫಾಂಡೆಂಟಿಗೆ ಕೆಂಪು ಜೆಲ್ ಬಣ್ಣ ಎಷ್ಟು ಹಾಕಿದರೂ ಗುಲಾಬಿಯೇ. ಇನ್ನಷ್ಟು ಹಾಕಿದೆ. ಬೆಳಿಗ್ಗೆ ನೋಡಿದರೆ ಬಣ್ಣ ತಾನಾಗಿಯೇ ಗಾಢವಾಗಿತ್ತು, ಬಾಯಿಗಿಟ್ಟರೆ ಕಹಿ. ಫ್ರಿಜ್ಜಿನಿಂದ ಹೊರಗೆ ತೆಗೆದಿಟ್ಟು ಅರ್ಧ ಗಂಟೆಗೆ ಮೈಯೆಲ್ಲ ಬೆವರಿ, ಕೆಂಪು ನೀರು ಬಿಳಿ ಕಿಟಕಿಗಳ ಮೇಲೆ ಇಳಿಯಿತು. ಅತ್ತೆ ಬಂದು ನೋಡಿ, "ಏನೇ ಇದು, ಆಕ್ಸಿಡೆಂಟ್ ಆದ ಬಸ್ಸಿನ ಹಾಗಿದೆ" ಅಂದರು.

ನಗು ಬಂತು, ಅಳುವೂ ಬಂತು. ಅವರು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, "ಬರೀ ಸಕ್ಕರೆ. ಇದಕ್ಕಿಂತ ಗೋಡಂಬಿ ಬರ್ಫಿ ಲಟ್ಟಿಸಿ ಹಚ್ಚಬಾರದಾ?" ಅಂತ ಕೇಳಿದರು. ಸುಮ್ನೆ ಅಂದ ಮಾತೇ ಇರಬೇಕು. ನನಗೆ ಮಾತ್ರ ರಾತ್ರಿಯೆಲ್ಲ ಅದೇ ಯೋಚನೆ. ಬಾದಾಮಿ ಕಣಕದಲ್ಲಿ ಹಣ್ಣು, ಗೊಂಬೆ ಮಾಡುವವರಿದ್ದಾರೆ. ಗೋಡಂಬಿ ಯಾಕಾಗಬಾರದು? ಬರ್ಫಿಗೆ ಫ್ರಿಜ್ಜೂ ಬೇಕಿಲ್ಲ.

ಒಳಗಿನ ಕೇಕು ಸುಲಭದ್ದು. ಬ್ರೆಡ್ ಮಾಡುವ ಉದ್ದ ಟಿನ್ನು ಹೇಗೂ ಬಸ್ಸಿನ ಆಕಾರದ್ದೇ. ನನ್ನದು 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ. ಒಂದು ಟಿನ್ನಿಗೆ 250 ಗ್ರಾಂ ಗಟ್ಟಿ ಮೊಸರು, 180 ಗ್ರಾಂ ಸಕ್ಕರೆ ಚೆನ್ನಾಗಿ ಕಲಸಿ, ಒಂದೂಕಾಲು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ ಹಾಕಿ ಐದು ನಿಮಿಷ ಬಿಟ್ಟೆ. ಮೊಸರಿನ ಹುಳಿಗೆ ಸೋಡಾ ನೊರೆ ಏಳುತ್ತದೆ, ಮೊಟ್ಟೆಯಿಲ್ಲದೆ ಕೇಕು ಉಬ್ಬುವುದು ಅದರಿಂದಲೇ. ಆಮೇಲೆ 110 ಮಿ.ಲೀ. ಎಣ್ಣೆ, ಸ್ವಲ್ಪ ವೆನಿಲ್ಲಾ, ಕೊನೆಗೆ ಜರಡಿ ಹಿಡಿದ 190 ಗ್ರಾಂ ಮೈದಾ. ಮೈದಾ ಬಿದ್ದ ಮೇಲೆ ಜಾಸ್ತಿ ತಿರುವಬಾರದು. 180 ಡಿಗ್ರಿಯಲ್ಲಿ ಸುಮಾರು 45 ನಿಮಿಷ. ಬೆಣ್ಣೆ ಬದಲು ಎಣ್ಣೆ ಹಾಕಿದ್ದಕ್ಕೆ ಕಾರಣವಿದೆ. ಬೆಣ್ಣೆ ಕೇಕು ಫ್ರಿಜ್ಜಿನಲ್ಲಿ ಇಟ್ಟಿಗೆಯಾಗುತ್ತದೆ, ಎಣ್ಣೆಯದು ಮೆತ್ತಗೇ ಇರುತ್ತದೆ.

ಇಂಥದ್ದು ಎರಡು ಬೇಕಿತ್ತು. ಎರಡನೆಯದು ಬೇಯುತ್ತಿರುವಾಗ ಸರಿಯಾಗಿ ಇಪ್ಪತ್ತನೇ ನಿಮಿಷಕ್ಕೆ ಕರೆಂಟು ಹೋಯಿತು. ಬಾಗಿಲು ತೆಗೆಯದೆ ದೇವರ ಮೇಲೆ ಭಾರ ಹಾಕಿ ಕೂತೆ. ಹತ್ತು ನಿಮಿಷಕ್ಕೆ ಬಂತು. ನಡು ಕುಗ್ಗಿತ್ತು, ಆದರೆ ಪೂರ್ತಿ ಬೆಂದಿತ್ತು. ತಗ್ಗಿನ ಮಟ್ಟಕ್ಕೆ ಮೇಲ್ಭಾಗ ಕತ್ತರಿಸಿ ಅದನ್ನೇ ಕೆಳಗಿನ ಪದರ ಮಾಡಿದೆ. ಯಾರಿಗೂ ಗೊತ್ತಾಗಲಿಲ್ಲ.

ಎರಡನ್ನೂ ಸುತ್ತಿ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟೆ. ತಣ್ಣಗಿನ ಕೇಕನ್ನು ಕತ್ತರಿಸಿದರೆ ಪುಡಿ ಉದುರುವುದು ಕಡಿಮೆ. ಮರುದಿನ ಒಂದರ ಮೇಲೊಂದಿಟ್ಟು, ಮುಂಭಾಗ ಸ್ವಲ್ಪ ಓರೆ ಮಾಡಿ, ಮೂಲೆಗಳನ್ನು ಉರುಟು ಮಾಡಿದೆ. ನಡುವೆ ಮತ್ತು ಹೊರಗೆಲ್ಲ ಗನಾಶ್ ಬಳಿದೆ. 300 ಗ್ರಾಂ ಡಾರ್ಕ್ ಚಾಕೊಲೇಟಿಗೆ 120 ಗ್ರಾಂ ಬಿಸಿ ಕ್ರೀಮ್. ಉಳಿದ ಕಾಲದಲ್ಲಿ ಕ್ರೀಮ್ ಇನ್ನೂ ಸ್ವಲ್ಪ ಹಾಕುತ್ತೇನೆ. ಬೇಸಿಗೆಗೆ ಚಾಕೊಲೇಟೇ ಜಾಸ್ತಿ ಇರಬೇಕು, ಇಲ್ಲದಿದ್ದರೆ ಗೋಡೆ ಜಾರುತ್ತದೆ. ಕೆಳಗೆ ಫಾಯಿಲ್ ಸುತ್ತಿದ ಥರ್ಮಾಕೋಲ್ ತುಂಡೊಂದನ್ನು ಇಟ್ಟೆ, ಬಸ್ಸಿಗಿಂತ ಎಲ್ಲ ಕಡೆಯೂ ಒಂದು ಬೆರಳು ಚಿಕ್ಕದು. ಆಗ ಬಸ್ಸು ನೆಲ ಬಿಟ್ಟು ಚಕ್ರದ ಮೇಲೆ ನಿಂತ ಹಾಗೆ ಕಾಣುತ್ತದೆ. ಇಷ್ಟು ಚಿಕ್ಕ ಉಪಾಯಕ್ಕೆ ಅಷ್ಟು ಕಳೆ ಬರುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಇನ್ನು ಬರ್ಫಿ. ಇಲ್ಲಿ ಯಜಮಾನಿಕೆ ಅತ್ತೆಯದೇ. 300 ಗ್ರಾಂ ಗೋಡಂಬಿಯನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ಪುಡಿ ಮಾಡಿದೆವು. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. 200 ಗ್ರಾಂ ಸಕ್ಕರೆಗೆ 100 ಮಿ.ಲೀ. ನೀರು, ಒಂದೆಳೆ ಪಾಕ. ನಾನು ಥರ್ಮಾಮೀಟರ್ ಹುಡುಕುತ್ತಿದ್ದೆ. ಅವರು ಹೆಬ್ಬೆರಳು ತೋರುಬೆರಳ ನಡುವೆ ಎಳೆದು ನೋಡಿ "ಆಯ್ತು, ಹಾಕು" ಅಂದರು. ಬಣ್ಣವನ್ನು ಪಾಕಕ್ಕೇ ಹಾಕಿದೆ, ಆಗ ಎಲ್ಲ ಕಡೆ ಸಮವಾಗಿ ಹಿಡಿಯುತ್ತದೆ. ಕಿಟಕಿಗೆ, ಪಟ್ಟಿಗೆ, ಲಗೇಜಿಗೆ ಬೇಕಾದ್ದನ್ನು ಬಣ್ಣ ಹಾಕುವ ಮೊದಲೇ ಬೇರೆ ಮಾಡಿಕೊಂಡಿದ್ದೆ.

ಗೋಡಂಬಿಯ ಬಣ್ಣ ಅಪ್ಪಟ ಬಿಳಿ ಅಲ್ಲ, ಕೆನೆಬಣ್ಣ. ಹಾಗಾಗಿ ಕೆಂಪು ಕೂಡ ಪಳಪಳ ಹೊಳೆಯಲಿಲ್ಲ, ಸ್ವಲ್ಪ ಇಟ್ಟಿಗೆ ಕಡೆ ತಿರುಗಿತು. ಬೇಸಿಗೆಯ ಧೂಳು ಹೊದ್ದು ಬಂದ ಬಸ್ಸಿನದ್ದೇ ಬಣ್ಣ!

ಬಿಸಿ ಇರುವಾಗಲೇ ತುಪ್ಪದ ಕೈಯಲ್ಲಿ ನಾದಿ, ಎರಡು ಬಟರ್ ಪೇಪರ್ ನಡುವೆ 3 ಮಿ.ಮೀ. ದಪ್ಪಕ್ಕೆ ಲಟ್ಟಿಸಿದೆ. ಮೊದಲೇ ಅಳತೆಗೆ ಕತ್ತರಿಸಿಟ್ಟ ಕಾಗದ ಇಟ್ಟು ಎರಡು ಪಕ್ಕ, ಮುಂದೆ, ಹಿಂದೆ ಎಂದು ನಾಲ್ಕು ಹಲಗೆ ಕತ್ತರಿಸಿದೆ. ಆರಿದ ಮೇಲೆ ಅವು ಬಾಗುವುದಿಲ್ಲ, ಗನಾಶಿಗೆ ನೆಟ್ಟಗೆ ಅಂಟುತ್ತವೆ. ಮೇಲ್ಛಾವಣಿ ಮಾತ್ರ ಬಿಸಿಯಲ್ಲೇ ಹೊದಿಸಿ ಅಂಚುಗಳನ್ನು ಕೈಯಿಂದ ಸವರಿದೆ. ಒಂದು ಹಲಗೆ ಬಿರುಕು ಬಿಟ್ಟಿತು. ನಾಲ್ಕು ಹನಿ ಹಾಲು ಹಾಕಿ ಮತ್ತೆ ನಾದಿದರೆ ಸರಿಹೋಯಿತು. ಕೇಕನ್ನು ಫ್ರಿಜ್ಜಿನಿಂದ ತೆಗೆದು, ಅದರ ತಣ್ಣಗಿನ ಬೆವರು ಆರಿದ ಮೇಲೇ ಹಲಗೆ ಅಂಟಿಸಿದ್ದು. ಫಾಂಡೆಂಟ್ ಕಲಿಸಿದ ಪಾಠ ಅದೊಂದೇ.

ಆಮೇಲಿನದೆಲ್ಲ ಆಟ. ಚಕ್ರಕ್ಕೆ ಓರಿಯೋ, ಹೆಡ್‌ಲೈಟಿಗೆ ಹಳದಿ ಜೆಮ್ಸ್. ಮೇಲೆ ಬರ್ಫಿಯದೇ ಗೋಣಿಚೀಲ, ಸ್ವಲ್ಪ ಕೋಕೋ ಬೆರೆಸಿದ್ದು. ಹಳದಿ ಬಣ್ಣ ಹಾಕಿ ಒಂದು ಬಾಳೆಗೊನೆ. ಏಣಿಯನ್ನು ಶಾವಿಗೆ ಎಳೆಗಳಲ್ಲಿ ಮಾಡಲು ಹೋಗಿ ಮೂರು ಸಲ ಮುರಿದು, ಕೊನೆಗೆ ಕರಗಿಸಿದ ಚಾಕೊಲೇಟಿನಲ್ಲಿ ಬರೆದು ಒಣಗಿಸಿ ಅಂಟಿಸಿದೆ. ಬೋರ್ಡಿಗೆ "ಸಾಗರ". ಪುಣ್ಯಕ್ಕೆ ನಮ್ಮಮ್ಮನ ಊರು ಸಾಗರ. ತೀರ್ಥಹಳ್ಳಿ ಆಗಿದ್ದರೆ ಅಷ್ಟು ಚಿಕ್ಕ ಜಾಗದಲ್ಲಿ ಒತ್ತಕ್ಷರ ಬರೆಯುವಷ್ಟರಲ್ಲಿ ನನ್ನ ಕಥೆ ಮುಗಿಯುತ್ತಿತ್ತು. ನಂಬರ್ ಪ್ಲೇಟಿಗೆ ಕೆಎ 14 ಎಫ್ 0005, ಐದು ವರ್ಷಕ್ಕೆ ಅಂತ. ಪಕ್ಕದಲ್ಲಿ ಗಂಡಭೇರುಂಡ ಬರೆಯಲೂ ಹೋದೆ. ಎರಡು ತಲೆಯ ಕೋಳಿಯ ಹಾಗೆ ಬಂತು, ಅಳಿಸಿದೆ.

ಸಂಜೆ ಐದಕ್ಕೆ ಬಸ್ಸು ಹೊರಗೆ ಬಂತು. ಪುಟ್ಟ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದು ಮಿನಿ ಬಸ್ಸು" ಅಂದ. ಸರಿಯೇ. ನಿಜವಾದ ಬಸ್ಸಿನ ಉದ್ದ ಅಗಲದ ನಾಲ್ಕು ಪಟ್ಟಿಗಿಂತ ಜಾಸ್ತಿ. ನನ್ನದು ಬರೀ ಎರಡು ಪಟ್ಟು. ಅಷ್ಟು ಉದ್ದದ ಟಿನ್ನು ನನ್ನ ಓವನ್ನಿಗೆ ಹೋಗುವುದಿಲ್ಲ ಅಂತ ಅವನಿಗೆ ಹೇಗೆ ಹೇಳಲಿ?

ಕೆಡುಕು ಬಂದಿದ್ದು ಕತ್ತರಿಸುವಾಗ. ಚಾಕು ಕಂಡಿದ್ದೇ ತಡ, "ಬಸ್ಸು ಕಟ್ ಮಾಡ್ಬೇಡಿ" ಅಂತ ಅಳು. ಇಷ್ಟೆಲ್ಲ ಯೋಚಿಸಿದವಳು ಇದೊಂದನ್ನು ಯೋಚಿಸಿರಲಿಲ್ಲ. ಅವರಪ್ಪ ಮೊದಲು ಲಗೇಜು ಇಳಿಸಿದರು. ಗೋಣಿಚೀಲ ಒಬ್ಬನಿಗೆ, ಬಾಳೆಗೊನೆ ಒಬ್ಬಳಿಗೆ. ಆಮೇಲೆ "ಲಾಸ್ಟ್ ಸೀಟು ಯಾರಿಗೆ?" ಅಂತ ಕೂಗಿದರು. ಮಕ್ಕಳೆಲ್ಲ ನನಗೆ ನನಗೆ ಅಂದರು. ಪುಟ್ಟನೂ ಅಳು ನಿಲ್ಲಿಸಿ ಕೈ ಎತ್ತಿದ. ಹಿಂದಿನಿಂದ ಶುರುವಾಗಿ ಡ್ರೈವರ್ ಸೀಟಿನವರೆಗೆ ಬಂದು ನಿಂತಿತು. ಬೋರ್ಡು ಇರುವ ಮುಖ ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ಕಾಫಿ ಜೊತೆ ಅತ್ತೆ ಅದರದ್ದೇ ಒಂದು ಮೂಲೆ ಮುರಿದುಕೊಂಡರು. ನಿಧಾನವಾಗಿ ತಿಂದು, "ಮೇಲಿನ ಬರ್ಫಿ ಚೆನ್ನಾಗಿದೆ ಕಣೇ. ಒಳಗೆ ಆ ಬ್ರೆಡ್ಡು ಯಾಕೆ ಹಾಕಿದೆ?" ಅಂದರು.