ಕ್ರಿಯಾಪದ ಹಿಡಿದು ಹೊರಟ ಇಂಗ್ಲಿಷ್ ವಾಕ್ಯದ ಪಾಠ

‘ಪೂರ್ಣ ಅರ್ಥ ಕೊಡುವ ಪದಗಳ ಗುಂಪೇ ವಾಕ್ಯ’ ಅನ್ನುವ ವ್ಯಾಖ್ಯೆಯನ್ನು ನಾನು ಮಕ್ಕಳಿಂದ ಬರೆಸುವುದಿಲ್ಲ. ಬಾಯಿಪಾಠಕ್ಕೆ ಸಲೀಸು, ಕೆಲಸಕ್ಕೆ ಬಾರದು. ಕನ್ನಡ ಮಾತಾಡುವ ಹುಡುಗನಿಗೆ ‘ಬಂದೆವು’ ಎಂಬ ಒಂದೇ ಪದದಲ್ಲಿ ಅರ್ಥ ಪೂರ್ತಿಯಾಗಿದೆ. ಬಂದವರು ಯಾರು ಅನ್ನುವುದನ್ನು ಕ್ರಿಯಾಪದದ ಕೊನೆಯ ಪ್ರತ್ಯಯವೇ ಹೇಳಿಬಿಡುತ್ತದೆ. ಅವನು ‘ಕೇಮ್ ಯೆಸ್ಟರ್‌ಡೇ’ ಎಂದು ಬರೆದು ಫುಲ್‌ಸ್ಟಾಪ್ ಇಟ್ಟರೆ ಆ ವ್ಯಾಖ್ಯೆಯ ಪ್ರಕಾರ ತಪ್ಪು ಅನ್ನುವ ಹಾಗೂ ಇಲ್ಲ. ಇಂಗ್ಲಿಷ್ ಕ್ರಿಯಾಪದಕ್ಕೆ ಆ ಸೌಲಭ್ಯ ಕಡಿಮೆ. ‘ಕೇಮ್’ ಅಂದರೆ ಬಂದದ್ದು ನಾನೋ, ನೀನೋ, ಅವರೋ ಗೊತ್ತಾಗದು. ಕರ್ತೃವನ್ನು ಬಾಯಿಬಿಟ್ಟು ಹೇಳಲೇಬೇಕು. ಹಾಗಾಗಿ ಹೈಸ್ಕೂಲು ಮಕ್ಕಳಿಗೆ ವಾಕ್ಯದ ಪಾಠವನ್ನು ನಾನು ಕ್ರಿಯಾಪದದಿಂದಲೇ ಶುರು ಮಾಡುತ್ತೇನೆ.

ಬೋರ್ಡಿನ ಮೇಲೆ ಬರೀ ‘ಬ್ರೇಕ್’ ಎಂದು ಬರೆದು, “ಇದಕ್ಕೆ ಏನೇನು ಬೇಕು ಹೇಳ್ರಪ್ಪಾ?” ಎಂದು ಕೇಳುತ್ತೇನೆ.

“ಒಡೆಯೋರು ಬೇಕು ಮಿಸ್.”

“ಮತ್ತೆ?”

“ಒಡೆಯೋಕೆ ಏನಾದ್ರೂ ಬೇಕಲ್ಲ ಮಿಸ್.”

ಸಬ್ಜೆಕ್ಟ್, ಆಬ್ಜೆಕ್ಟ್ ಎರಡನ್ನೂ ಅವರೇ ಹುಡುಕಿಯಾಯಿತು. ಹೆಸರಿಡುವ ಕೆಲಸವಷ್ಟೇ ನನ್ನದು. ‘ಸ್ಲೀಪ್’ಗೆ ಮಲಗುವವರು ಒಬ್ಬರಿದ್ದರೆ ಸಾಕು. ‘ಗಿವ್’ಗೆ ಕೊಡುವವರು, ಕೊಡುವ ವಸ್ತು, ಪಡೆಯುವವರು ಎಲ್ಲ ಬೇಕು. ‘ಪುಟ್’ ಬಂದಾಗ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ‘ಐ ಪುಟ್ ದ ಬುಕ್’ ಎಂದು ಬರೆದು ಚಾಕ್‌ಪೀಸ್ ಕೆಳಗಿಟ್ಟರೆ ಹಿಂದಿನ ಬೆಂಚಿನಿಂದಲೂ “ಎಲ್ಲಿ ಮಿಸ್?” ಅನ್ನುವ ಪ್ರಶ್ನೆ ಬರುತ್ತದೆ. ಅಲ್ಲಿಗೆ ‘ಆನ್ ದ ಟೇಬಲ್’ ಅನ್ನುವುದು ಇಲ್ಲಿ ಹೆಚ್ಚುವರಿಯಲ್ಲ, ಅದಿಲ್ಲದೆ ವಾಕ್ಯ ನಿಲ್ಲುವುದೇ ಇಲ್ಲ ಎಂದು ಗೊತ್ತಾಗುತ್ತದೆ. ‘ಐ ರೆಡ್ ದ ಬುಕ್ ಆನ್ ದ ಟೆರೇಸ್’ ಎಂಬಲ್ಲಿ ಟೆರೇಸನ್ನು ತೆಗೆದುಹಾಕಿದರೂ ವಾಕ್ಯಕ್ಕೆ ಏನೂ ಆಗುವುದಿಲ್ಲ. ಎರಡನ್ನೂ ಪಕ್ಕಪಕ್ಕ ಬರೆದು, ಯಾವುದನ್ನು ಅಳಿಸಬಹುದು ಎಂದು ಮಕ್ಕಳ ಕೈಗೇ ಡಸ್ಟರ್ ಕೊಡುತ್ತೇನೆ.

ಇಂಗ್ಲಿಷ್ ನಿಘಂಟುಕಾರ ಎ. ಎಸ್. ಹಾರ್ನ್‌ಬಿಯವರು, ಯಾವ ಕ್ರಿಯಾಪದದ ಜೊತೆ ಏನೇನು ಬರುತ್ತದೆ ಅನ್ನುವುದರ 25 ಮಾದರಿಗಳನ್ನು ಪಟ್ಟಿ ಮಾಡಿದ್ದರು. ಆಮೇಲೆ ವ್ಯಾಕರಣಕಾರ ರ‍್ಯಾಂಡಲ್ಫ್ ಕ್ವರ್ಕ್ ಮತ್ತು ಸಂಗಡಿಗರು ಉಪವಾಕ್ಯದ ಮೂಲ ಮಾದರಿಗಳನ್ನು 7ಕ್ಕೆ ಇಳಿಸಿದರು. ತರಗತಿಗೆ 7 ಸಾಕೋ ಸಾಕು. ಅದರಲ್ಲೂ ಎಂಟನೇ ಕ್ಲಾಸಿಗೆ ಐದು ಮಾದರಿ ನೆಟ್ಟಗೆ ಕೂತರೆ ಉಳಿದವು ಓದುತ್ತಾ ಓದುತ್ತಾ ತಾವೇ ಬರುತ್ತವೆ.

ಮಕ್ಕಳು ನಿಜವಾಗಿ ಎಡವುವುದು ಕಾಂಪ್ಲಿಮೆಂಟ್ ಹತ್ತಿರ, ಅಂದರೆ ಸಬ್ಜೆಕ್ಟ್ ಯಾರು, ಎಂಥದ್ದು ಎಂದು ಹೇಳುವ ಪದದ ಹತ್ತಿರ. ‘ಶೀ ಮೆಟ್ ಎ ಟೀಚರ್’, ‘ಶೀ ಬಿಕೇಮ್ ಎ ಟೀಚರ್’. ನೋಡಲು ಎರಡೂ ಒಂದೇ ಥರ, ಕ್ರಿಯಾಪದದ ಮುಂದೆ ‘ಎ ಟೀಚರ್’. ಮೊದಲನೆಯದರಲ್ಲಿ ಇಬ್ಬರಿದ್ದಾರೆ, ಎರಡನೆಯದರಲ್ಲಿ ಇರುವುದು ಒಬ್ಬಳೇ. “ಇಲ್ಲಿ ಎಷ್ಟು ಜನ ಇದ್ದಾರೆ?” ಎಂದು ಕೇಳಿದರೆ ಮುಕ್ಕಾಲು ತರಗತಿ ಸರಿಯಾಗಿ ಉತ್ತರಿಸುತ್ತದೆ. ಇದನ್ನು ಚಿತ್ರದಲ್ಲಿ ತೋರಿಸಲು ನಾನು ಹಳೆಯ ಉಪಾಯವೊಂದನ್ನು ಬಳಸುತ್ತೇನೆ. ಅಮೆರಿಕದ ಅಲಾಂಜೊ ರೀಡ್ ಮತ್ತು ಬ್ರೇನರ್ಡ್ ಕೆಲ್ಲಾಗ್ 1877ರಲ್ಲಿ ಪ್ರಚಾರಕ್ಕೆ ತಂದ ರೇಖಾಚಿತ್ರ ಅದು. ಒಂದು ಅಡ್ಡಗೆರೆ ಎಳೆಯಬೇಕು. ಸಬ್ಜೆಕ್ಟ್‌ಗೂ ಕ್ರಿಯಾಪದಕ್ಕೂ ನಡುವೆ ಆ ಗೆರೆಯನ್ನು ಸೀಳಿಕೊಂಡು ಕೆಳಗಿಳಿಯುವ ಲಂಬಗೆರೆ. ಕ್ರಿಯಾಪದಕ್ಕೂ ಆಬ್ಜೆಕ್ಟ್‌ಗೂ ನಡುವೆ ಅಡ್ಡಗೆರೆಯ ಮೇಲೆಯೇ ನಿಲ್ಲುವ ಗಿಡ್ಡ ಗೆರೆ. ಕಾಂಪ್ಲಿಮೆಂಟ್ ಆದರೆ ಆ ಗಿಡ್ಡ ಗೆರೆ ನೆಟ್ಟಗೆ ನಿಲ್ಲದೆ ಸಬ್ಜೆಕ್ಟ್ ಕಡೆಗೆ ವಾಲುತ್ತದೆ, ‘ನಾನು ಹೇಳುತ್ತಿರುವುದು ಅವಳ ಬಗ್ಗೆಯೇ’ ಅನ್ನುವ ಹಾಗೆ. ವಿಶೇಷಣಗಳಿಗೆ ಕೆಳಗೆ ಓರೆಗೆರೆಗಳು. ದೊಡ್ಡ ವಾಕ್ಯಗಳಿಗೆ ಈ ಚಿತ್ರ ತಲೆನೋವು. ಸಣ್ಣ ವಾಕ್ಯಗಳ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಅಂದವಾಗಿ ಗೆರೆ ಎಳೆಯುವ ಹುಡುಗಿಯರು ವ್ಯಾಕರಣವನ್ನೇ ಇಷ್ಟಪಡಲು ಶುರು ಮಾಡಿದ್ದನ್ನೂ ನೋಡಿದ್ದೇನೆ.

‘ಮೈ ಫಾದರ್ ಡಾಕ್ಟರ್’ ಎಂದು ಬರೆಯುವ ಮಕ್ಕಳನ್ನು ಬೈದು ಉಪಯೋಗವಿಲ್ಲ. ‘ನಮ್ಮಪ್ಪ ಡಾಕ್ಟರ್’ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ, ಬೇಕಾಗಿಯೂ ಇಲ್ಲ. ಇಂಗ್ಲಿಷಿನಲ್ಲಿ ಆ ಜಾಗ ಖಾಲಿ ಬಿಡುವಂತಿಲ್ಲ. ಸಬ್ಜೆಕ್ಟ್‌ನ ಜಾಗವೂ ಅಷ್ಟೇ. ‘ಇಟ್ ಈಸ್ ರೇನಿಂಗ್’ ಎಂಬಲ್ಲಿ ‘ಇಟ್’ ಅಂದರೆ ಯಾವುದು ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಯಾವುದೂ ಅಲ್ಲ, ಜಾಗ ತುಂಬಲು ಕೂತಿದೆ ಅಷ್ಟೇ ಅನ್ನುತ್ತೇನೆ, ನಗುತ್ತಾರೆ. ನಕ್ಕವರು ಮರೆಯುವುದಿಲ್ಲ.

ಪದಗಳ ಕ್ರಮಕ್ಕೆ ರಟ್ಟಿನ ಚೀಟಿಗಳು ಸಾಕು. ಮೊದಲು ಕನ್ನಡದ್ದು: ‘ನಾಯಿ’, ‘ಬೆಕ್ಕನ್ನು’, ‘ಅಟ್ಟಿಸಿತು’. ಮೂವರು ಮಕ್ಕಳು ಒಂದೊಂದನ್ನು ಹಿಡಿದು ನಿಲ್ಲುತ್ತಾರೆ. ಬೆಕ್ಕು ಮುಂದೆ ಬರಲಿ, ನಾಯಿ ಮುಂದೆ ಬರಲಿ, ಓಡುವುದು ಬೆಕ್ಕೇ. ‘ಅನ್ನು’ ಎಂಬ ವಿಭಕ್ತಿ ಅದರ ಜೊತೆಗೇ ಹೋಗುತ್ತದಲ್ಲ. ಈಗ ‘ದ ಡಾಗ್’, ‘ಚೇಸ್ಡ್’, ‘ದ ಕ್ಯಾಟ್’. ಎರಡು ತುದಿಯವರು ಜಾಗ ಬದಲಿಸಿದ ಕೂಡಲೇ ಬೆಕ್ಕು ನಾಯಿಯ ಬೆನ್ನು ಹತ್ತುತ್ತದೆ. ಕ್ಲಾಸಿನಲ್ಲಿ ಗದ್ದಲವೋ ಗದ್ದಲ. ಅದೇ ಗದ್ದಲದಲ್ಲಿ ‘ಹೀ’ ಮತ್ತು ‘ಹಿಮ್’ ಚೀಟಿಗಳನ್ನೂ ಕೈಗಿಡುತ್ತೇನೆ; ಇಂಗ್ಲಿಷಿನಲ್ಲಿ ವಿಭಕ್ತಿಯ ಪಳೆಯುಳಿಕೆ ಕಾಣುವುದು ಈ ಸರ್ವನಾಮಗಳಲ್ಲೇ.

ವಾಕ್ಯದ ಬಗೆಗಳಿಗೆ ಬಂದರೆ, ಪಠ್ಯಪುಸ್ತಕ ಎರಡು ಬೇರೆ ಬೇರೆ ವಿಂಗಡಣೆಗಳನ್ನು ಒಂದೇ ಅಧ್ಯಾಯಕ್ಕೆ ತುರುಕಿ ಮಕ್ಕಳನ್ನು ಗಲಿಬಿಲಿ ಮಾಡುತ್ತದೆ. ಹೇಳಿಕೆ, ಪ್ರಶ್ನೆ, ಆಜ್ಞೆ, ಉದ್ಗಾರ ಎಂಬುದು ಒಂದು ವಿಂಗಡಣೆ. ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಎಂಬುದು ಇನ್ನೊಂದು. ಒಂದೇ ವಾಕ್ಯ ಪ್ರಶ್ನೆಯೂ ಆಗಿ ಕಾಂಪ್ಲೆಕ್ಸೂ ಆಗಿರಬಹುದು. ಇವೆರಡರ ನಡುವೆ ನಾನು ವಾರಗಟ್ಟಲೆ ಅಂತರ ಬಿಡುತ್ತೇನೆ.

ಮೊದಲ ವಿಂಗಡಣೆಯಲ್ಲಿ ಬೆವರು ಹರಿಸಬೇಕಾದ್ದು ಪ್ರಶ್ನೆಗೆ ಮಾತ್ರ. ಕನ್ನಡದಲ್ಲಿ ‘ಬಂದ’ಕ್ಕೆ ‘ಬಂದನಾ?’ ಎಂದು ಬಾಲ ಎಳೆದರೆ ಪ್ರಶ್ನೆ ಸಿದ್ಧ. ಇಂಗ್ಲಿಷಿನಲ್ಲಿ ಸಹಾಯಕ ಕ್ರಿಯಾಪದ ಎದ್ದು ಸಬ್ಜೆಕ್ಟ್‌ನ ಮುಂದೆ ಬಂದು ಕೂರಬೇಕು, ಅಂಥದ್ದೊಂದು ಇಲ್ಲದಿದ್ದರೆ ‘ಡೂ’ವನ್ನು ಕರೆಸಬೇಕು. ಚೀಟಿಗಳನ್ನು ಮತ್ತೆ ಹೊರತೆಗೆದು ‘ಈಸ್’ ಹಿಡಿದ ಹುಡುಗನನ್ನು ನಡೆಸಿಕೊಂಡು ಬಂದರೆ ಕಣ್ಣಿಗೇ ಕಾಣುತ್ತದೆ. ‘ಡಿಡ್’ ಬಂದರೆ ‘ಕೇಮ್’ ಮತ್ತೆ ‘ಕಮ್’ ಆಗಬೇಕು ಅನ್ನುವುದಕ್ಕೆ ಮಾತ್ರ ಅಭ್ಯಾಸ ಬಿಟ್ಟು ಬೇರೆ ದಾರಿಯಿಲ್ಲ. ಇಷ್ಟೆಲ್ಲ ಕಲಿತ ಮೇಲೆ ಜಾಣರು ‘ಐ ಡೋಂಟ್ ನೋ ವೇರ್ ಈಸ್ ಹೀ’ ಎಂದು ಬರೆಯುತ್ತಾರೆ. ಒಳಗಿನ ಪ್ರಶ್ನೆ ಪ್ರಶ್ನೆಯಾಗಿ ಉಳಿದಿಲ್ಲ, ‘ಹೀ ಈಸ್’ ಎಂದು ತನ್ನ ಜಾಗಕ್ಕೆ ವಾಪಸ್ ಹೋಗಬೇಕು. ಇದು ಸುಲಭವಾಗಿ ಬಿಡುವ ತಪ್ಪಲ್ಲ.

ರಚನೆಯ ವಿಂಗಡಣೆಗೆ ನನ್ನದು ಒಂದೇ ಸೂತ್ರ. ಕಾಲ ತೋರಿಸುವ ಕ್ರಿಯಾಪದಗಳಿಗೆಲ್ಲ ಅಡಿಗೆರೆ ಹಾಕಿ ಎಣಿಸಿ. ‘ಟು ಗೋ’, ‘ಗೋಯಿಂಗ್’ ಮಾತ್ರ ಇದ್ದರೆ ಲೆಕ್ಕಕ್ಕಿಲ್ಲ. ಒಂದೇ ಇದ್ದರೆ ವಾಕ್ಯ ಎಷ್ಟು ಉದ್ದವಿದ್ದರೂ ಸಿಂಪಲ್. ಒಂದಕ್ಕಿಂತ ಹೆಚ್ಚಿದ್ದರೆ ಜೋಡಿಸಿರುವ ಪದ ಯಾವುದು ನೋಡಿ. ‘ಆಂಡ್’, ‘ಬಟ್’, ‘ಆರ್’, ‘ಸೋ’ ಥರದ್ದಾದರೆ ಕಾಂಪೌಂಡ್. ‘ಬಿಕಾಸ್’, ‘ಆಲ್ದೋ’, ‘ವೆನ್’, ‘ಹೂ’ ಆದರೆ ಕಾಂಪ್ಲೆಕ್ಸ್. ‘ಹೀ ವೆಂಟ್ ಹೋಮ್ ಆಂಡ್ ಸ್ಲೆಪ್ಟ್’ ಅಂಥ ವಾಕ್ಯವನ್ನು ಕೆಲವು ಪುಸ್ತಕಗಳು ಸಿಂಪಲ್ ಅನ್ನುತ್ತವೆ, ಕೆಲವು ಕಾಂಪೌಂಡ್ ಅನ್ನುತ್ತವೆ. ಅದನ್ನು ನಾನು ಪರೀಕ್ಷೆಗೆ ಕೊಡುವುದೇ ಇಲ್ಲ.

ಕಾಂಪ್ಲೆಕ್ಸ್ ವಾಕ್ಯದಲ್ಲಿ ಕಷ್ಟ ಕೊಡುವುದು ‘ಹೂ’, ‘ವಿಚ್’ಗಳು. ‘ನಿನ್ನೆ ಬಂದ ಹುಡುಗ’ ಎನ್ನುವಾಗ ಕನ್ನಡ ವಿವರವನ್ನೆಲ್ಲ ಮೊದಲೇ ಹೇಳಿ ಹುಡುಗನನ್ನು ಕೊನೆಗೆ ತರುತ್ತದೆ. ಇಂಗ್ಲಿಷ್ ಹುಡುಗನನ್ನು ಮೊದಲು ನಿಲ್ಲಿಸಿ ಆಮೇಲೆ ವಿವರಕ್ಕೆ ಇಳಿಯುತ್ತದೆ: ‘ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ’. ಅಲ್ಲಿಗೇ ನಿಲ್ಲಿಸುವ ಮಕ್ಕಳಿಗೆ ನನ್ನ ಪ್ರಶ್ನೆ, “ಆ ಹುಡುಗ ಯಾರು?” ಆಗ ‘ಈಸ್ ಮೈ ಕಸಿನ್’ ಸೇರುತ್ತದೆ, ವಾಕ್ಯ ಮುಗಿಯುತ್ತದೆ. ‘ಆಲ್ದೋ’ ಹಾಕಿದ ಮೇಲೆ ‘ಬಟ್’ ಕೂಡ ಹಾಕುವ ಚಾಳಿಯೂ ಇದೆ. ಎರಡರಲ್ಲಿ ಯಾವುದನ್ನು ಹೊಡೆದುಹಾಕುತ್ತೀಯೋ ನೀನೇ ಆರಿಸು ಎಂದು ಕೆಂಪು ಪೆನ್ನು ಅವರ ಕೈಗೇ ಕೊಡುತ್ತೇನೆ.

ಇಷ್ಟಾದ ಮೇಲೆ ವ್ಯಾಕರಣ ಪುಸ್ತಕದ ವಾಕ್ಯಗಳನ್ನು ಬಿಟ್ಟು ಅವರೇ ಬರೆದ ಪ್ರಬಂಧದ ಒಂದು ಪ್ಯಾರಾ ತೆಗೆದುಕೊಳ್ಳುತ್ತೇವೆ. ಕ್ರಿಯಾಪದಕ್ಕೆ ಅಡಿಗೆರೆ, ಸಬ್ಜೆಕ್ಟ್‌ಗೆ ಸುತ್ತು. ಸುತ್ತಿಲ್ಲದ ಅಡಿಗೆರೆ, ಅಡಿಗೆರೆಯಿಲ್ಲದ ಸುತ್ತು ಎಲ್ಲಿವೆಯೋ ಅಲ್ಲೇ ತಿದ್ದುವ ಕೆಲಸ. ಆಜ್ಞೆಯ ವಾಕ್ಯವಾದರೆ ಸುತ್ತಿಲ್ಲದಿದ್ದರೂ ಪರವಾಗಿಲ್ಲ. ಅದನ್ನು ಈಗ ಅವರೇ ನನಗೆ ನೆನಪಿಸುತ್ತಾರೆ.